ಏಕರೂಪದ ಕ್ಯೂಆರ್ ಕೋಡ್ ಮತ್ತು ಸಣ್ಣ ವ್ಯಾಪಾರ

ಏಕರೂಪದ ಕ್ಯೂಆರ್ ಕೋಡ್ ಎಂದರೆ ಯಾವುದೇ ಯುಪಿಐ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ ಹಣ ಪಾವತಿಸಬಹುದಾದ ಸಂಕೇತ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಯುಪಿಐಯನ್ನು 2016ರಲ್ಲಿ ಜಾರಿಗೆ ತಂದಿತು. ಪಾವತಿ ಸಂಸ್ಥೆಗಳು ಇನ್ನು ಮುಂದೆ ತಮ್ಮದೇ ಪ್ರತ್ಯೇಕ ಮಾದರಿಯ ಕೋಡ್ ಹೊರತರಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕ್ 2020ರ ಅಕ್ಟೋಬರ್‌ನಲ್ಲಿ ಸೂಚಿಸಿತು.

ವೆಚ್ಚದ ಮೇಲೆ ಪರಿಣಾಮ
ಒಂದೇ ಕೋಡ್ ಸಾಕಾಗುವುದರಿಂದ ವ್ಯಾಪಾರಿಯು ಪ್ರತಿ ಸಂಸ್ಥೆಗೂ ಬೇರೆ ಕೋಡ್ ಇಡಬೇಕಿಲ್ಲ. ಕಾರ್ಡ್ ಯಂತ್ರವೂ ಬೇಕಿಲ್ಲ. ಬ್ಯಾಂಕ್ ಖಾತೆಯಿಂದ ನಡೆಯುವ ಯುಪಿಐ ಪಾವತಿಗೆ 2020ರ ಜನವರಿ 1ರಿಂದ ವ್ಯಾಪಾರಿ ಶುಲ್ಕವಿಲ್ಲ. ಆದರೆ ಇದು ಸರ್ಕಾರದ ನಿರ್ಧಾರದಿಂದ ಬಂದ ರಿಯಾಯಿತಿಯೇ ಹೊರತು ಏಕರೂಪದ ಮಾನಕದ ಫಲವಲ್ಲ. ಸೌಂಡ್‌ಬಾಕ್ಸ್ ಬಾಡಿಗೆ ಮತ್ತು ಇಂಟರ್ನೆಟ್ ಖರ್ಚು ವ್ಯಾಪಾರಿಯ ಪಾಲಿಗೆ ಉಳಿಯುತ್ತವೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ದುರ್ಬಲವಾಗಿರುವೆಡೆ ನಗದು ವಹಿವಾಟನ್ನು ಕೈಬಿಡಲಾಗದು.

ತೆರಿಗೆ
ಯುಪಿಐ ಪಾವತಿಯ ದಾಖಲೆ ಉಳಿಯುತ್ತದೆ. 2025ರ ಜುಲೈನಲ್ಲಿ ಈ ದಾಖಲೆಗಳ ಆಧಾರದಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ, ಬೆಂಗಳೂರಿನ ಹಲವು ಅಂಗಡಿಗಳು ಕೋಡ್ ತೆಗೆದು ನಗದಿಗೆ ಮರಳಿದವು. ಸಾಮಾನ್ಯವಾಗಿ ವಾರ್ಷಿಕ ವಹಿವಾಟು ಸರಕಿಗೆ ₹40 ಲಕ್ಷ, ಸೇವೆಗೆ ₹20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಅಗತ್ಯ; ಹಣ ನಗದಾಗಿ ಬಂದರೂ ಈ ನಿಯಮ ಬದಲಾಗದು.