ಹಿಂದಿನ ಮಳೆ, ಮುಂದಿನ ಬೆಂಕಿ: ಬೀದರ್, ಭಾಲ್ಕಿ, ಔರಾದ್ ಅಡವಿಗಳ ಕಿಚ್ಚಿನ ಚರಿತ್ರೆಗೆ ಒಂದು ಮಾದರಿ

ಕಾಡ್ಗಿಚ್ಚಿನ ಚರಿತ್ರೆಯನ್ನು ಗಣಿತದ ಲೆಕ್ಕಕ್ಕೆ ತರುವ ವಿದ್ಯೆ ಬಹುಮಟ್ಟಿಗೆ ಬೆಳೆದದ್ದು ಉತ್ತರ ಅಮೆರಿಕದ ಬೋರಿಯಲ್ ಎಂಬ ಶೀತವಲಯದ ಕಾಡುಗಳಲ್ಲಿ. ಅಲ್ಲಿನ ಕಪ್ಪು ಸ್ಪ್ರೂಸ್ ಮತ್ತು ಜ್ಯಾಕ್ ಪೈನ್ ಮರಗಳಿಗೆ ಬೆಂಕಿ ಬಿದ್ದರೆ ಅದು ತುದಿಯವರೆಗೂ ಏರಿ ಇಡೀ ತೋಪನ್ನೇ ಮುಗಿಸುತ್ತದೆ. ಜ್ಯಾಕ್ ಪೈನ್‌ನ ಕಾಯಿ ರಾಳದಿಂದ ಮುಚ್ಚಿಕೊಂಡಿದ್ದು, ಬೆಂಕಿಯ ಕಾವು ತಾಗಿದಾಗ ಬಿರಿದು ಬೀಜ ಚೆಲ್ಲುತ್ತದೆ. ಹೀಗಾಗಿ ಸುಟ್ಟ ಜಾಗದಲ್ಲಿ ಒಂದೇ ವಯಸ್ಸಿನ ಹೊಸ ಕಾಡು ಏಳುತ್ತದೆ, ಮರದ ವಯಸ್ಸು ಗೊತ್ತಾದರೆ ಕೊನೆಯ ಬೆಂಕಿಯ ವರ್ಷವೂ ಗೊತ್ತಾಗುತ್ತದೆ. ಮಿರಾನ್ ಹೈನ್ಸೆಲ್ಮನ್ 1973ರಲ್ಲಿ ಮಿನ್ನೆಸೋಟದ ಸರೋವರ ಸೀಮೆಯ ಬೆಂಕಿಗಳಿಗೆ ಕಾಲ ಗುರುತಿಸಿದ್ದು ಇದೇ ದಾರಿಯಲ್ಲಿ: ಮರದ ಉಂಗುರ, ಕಾಂಡದ ಸುಟ್ಟ ಗಾಯ, ತೋಪಿನ ವಯಸ್ಸು.

ಕೆನಡಾದ ಚಾರ್ಲ್ಸ್ ವ್ಯಾನ್ ವ್ಯಾಗ್ನರ್ 1978ರಲ್ಲಿ ಇದನ್ನು ಸೂತ್ರಕ್ಕೆ ಇಳಿಸಿದರು. ಪ್ರತಿ ವರ್ಷ ಯಾವ ತೋಪಿಗಾದರೂ ಸುಡುವ ಸಂಭವ ಒಂದೇ, ಅದು ತೋಪಿನ ವಯಸ್ಸನ್ನು ಅವಲಂಬಿಸಿಲ್ಲ ಎಂದು ಅವರು ಇಟ್ಟುಕೊಂಡರು. ಆಗ ಎಳೆಯ ತೋಪುಗಳು ಹೆಚ್ಚು, ಮುದಿ ತೋಪುಗಳು ಕಡಿಮೆ ಇರುವ, ಕ್ರಮವಾಗಿ ಇಳಿಯುವ ಒಂದು ರೇಖೆ ಸಿಗುತ್ತದೆ. ಬೆಂಕಿಯ ಚಕ್ರ, ಅಂದರೆ ಇಡೀ ಕಾಡಿನಷ್ಟು ವಿಸ್ತೀರ್ಣ ಸುಡಲು ಹಿಡಿಯುವ ಕಾಲ, ನೂರು ವರ್ಷದ್ದಾದರೆ ನೂರು ದಾಟಿದ ತೋಪುಗಳು ಶೇ. 37ರಷ್ಟು ಇರಬೇಕು. ಕಾಡಿನಲ್ಲಿ ಕಂಡ ವಯಸ್ಸುಗಳನ್ನು ಈ ರೇಖೆಯ ಜೊತೆ ಹೋಲಿಸಿದರೆ ಬೆಂಕಿ ಹೆಚ್ಚಿತೋ ತಗ್ಗಿತೋ ಹೇಳಬಹುದು. ಮುಂದೆ ಸರೋವರದ ಕೆಸರಿನಲ್ಲಿ ಕೂತ ಇದ್ದಿಲ ಕಣಗಳನ್ನು ಎಣಿಸುವ ವಿಧಾನ ಬಂದು ಲೆಕ್ಕ ಸಾವಿರಾರು ವರ್ಷ ಹಿಂದಕ್ಕೆ ಹೋಯಿತು. ಅಲಾಸ್ಕಾದ ಯೂಕಾನ್ ಬಯಲಿನಲ್ಲಿ ಈಚಿನ ದಶಕಗಳ ಬೆಂಕಿ ಹತ್ತು ಸಾವಿರ ವರ್ಷಗಳ ಮಿತಿಯನ್ನು ಮೀರಿದೆ ಎಂದು 2013ರ ಅಧ್ಯಯನವೊಂದು ತೋರಿಸಿತು. 2023ರಲ್ಲಿ ಕೆನಡಾದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಸುಟ್ಟಾಗ ಆ ಮಾತಿನ ತೂಕ ಎಲ್ಲರಿಗೂ ತಿಳಿಯಿತು.

ಈ ವಿದ್ಯೆಯನ್ನು ಬೀದರ್ ನೆಲಕ್ಕೆ ತಂದರೆ ಅದರ ಮೊದಲ ಹೆಜ್ಜೆಯೇ ಇಲ್ಲಿ ಊರುವುದಿಲ್ಲ. ಇಲ್ಲಿ ಬೆಂಕಿ ಮರವನ್ನು ಮುಗಿಸುವುದಿಲ್ಲ, ಹುಲ್ಲನ್ನು ಮುಗಿಸುತ್ತದೆ. ಮುತ್ತುಗದ ಕಾಂಡ ಸುಟ್ಟರೂ ಬೇರು ಮುಂಗಾರಿಗೆ ಚಿಗುರುತ್ತದೆ. ಮರದ ವಯಸ್ಸಿಗೂ ಬೆಂಕಿಯ ವರ್ಷಕ್ಕೂ ಸಂಬಂಧ ಉಳಿಯುವುದಿಲ್ಲ. ಹಾಗಾದರೆ ಬೀದರ್, ಭಾಲ್ಕಿ, ಔರಾದ್ ಸೀಮೆಯ ಕಿಚ್ಚಿನ ಚರಿತ್ರೆಗೆ ಯಾವುದನ್ನು ಮೂಲಮಾನವಾಗಿ ಹಿಡಿಯಬೇಕು? ಹಿಂದಿನ ಮುಂಗಾರು ಬೆಳೆಸಿದ ಹುಲ್ಲನ್ನು, ಅದರಲ್ಲಿ ದನ ಮೇದು ಉಳಿದದ್ದನ್ನು ಹಿಡಿಯಬೇಕೆಂಬುದು ಈ ಲೇಖನದ ವಾದ.

ನೆಲ ಮತ್ತು ಹುಲ್ಲು

ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ನೀರು ಈ ಕಲ್ಲಿನಲ್ಲಿ ಇಳಿದು ಕೆಳಗಿನ ಕರಿಬಂಡೆ ಸಿಕ್ಕಲ್ಲಿ ನಿಲ್ಲುತ್ತದೆ. ನೌಬಾದಿನ ಕರೇಜ್ ಎಂಬ ಸುರಂಗ ಬಾವಿಗಳು ಹುಟ್ಟಿದ್ದು ಈ ಗುಣದಿಂದಲೇ. ಮೇಲಿನ ಮಣ್ಣು ಮಾತ್ರ ತೆಳು. ಮಳೆಗಾಲದಲ್ಲಿ ಹುಲ್ಲು ಬೇಗ ಏಳುತ್ತದೆ, ದೀಪಾವಳಿ ಕಳೆಯುತ್ತಲೇ ಒಣಗುತ್ತದೆ. ಬೇವು, ಬೋರೆ, ಜಾಲಿ, ಮುತ್ತುಗ, ಕಾಡು ಸೀತಾಫಲ ಅಲ್ಲಲ್ಲಿ ಚದುರಿ ನಿಂತಿರುತ್ತವೆ. ಹೊನ್ನಿಕೇರಿಯಂತಹ ಮೀಸಲು ಅಡವಿಗಳಲ್ಲಿ ಮರ ಸ್ವಲ್ಪ ದಟ್ಟ. ಭಾಲ್ಕಿ, ಔರಾದ್ ಕಡೆ ಎರೆಮಣ್ಣಿನ ಹೊಲಗಳೇ ಬಹುಪಾಲು. ತೊಗರಿ, ಸೋಯಾ, ಉದ್ದು, ಹೆಸರು, ಜೋಳ, ಕಾರಂಜಾ ಜಲಾಶಯದ ನೀರು ಮುಟ್ಟಿದಲ್ಲಿ ಕಬ್ಬು. ಅವುಗಳ ನಡುವೆ ಗಾಯರಾಣ ಎಂಬ ಊರ ಮೇವುನೆಲ ಮತ್ತು ಅಡವಿಯ ತುಂಡುಗಳು ದ್ವೀಪಗಳಾಗಿ ಉಳಿದಿವೆ.

ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಕಿಯ ಕಾಲ ಫೆಬ್ರವರಿಯಿಂದ ಮೇ. ಇಲ್ಲಿನ ಬೇಸಿಗೆ ಯಾವ ವರ್ಷವೂ ಒಣಗಿದ್ದೇ, ಬಿಸಿಯಾದದ್ದೇ. ಒಂದು ವರ್ಷಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಮಾಡುವುದು ಬಿಸಿಲಿಗಿಂತ ಹೆಚ್ಚಾಗಿ ಉರಿಯಲು ಏನಿದೆ ಎಂಬುದು. ಬೋರಿಯಲ್ ಕಾಡಿನಲ್ಲಿ ಉರುವಲು ಎಂದೂ ಇದ್ದೇ ಇರುತ್ತದೆ, ಅದು ಒಣಗುವ ಬರಗಾಲಕ್ಕಾಗಿ ಬೆಂಕಿ ಕಾಯುತ್ತದೆ. ಬೀದರಿನಲ್ಲಿ ಒಣಹವೆ ಎಂದೂ ಇದ್ದೇ ಇರುತ್ತದೆ, ಬೆಂಕಿ ಕಾಯುವುದು ಒಳ್ಳೆಯ ಮಳೆಗಾಗಿ.

ಇದು ಬರಿಯ ಊಹೆಯಲ್ಲ. ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೈ ಸೀಮೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ದಶಕಗಳಿಂದ ಬೆಂಕಿಯ ದಾಖಲೆ ಇಟ್ಟಿದ್ದಾರೆ. ನಂದಿತಾ ಮಂಡಲ್ ಮತ್ತು ಸುಕುಮಾರ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಅದೇ ಸೀಮೆಯ ಒದ್ದೆ ಕಾಡು, ಒಣ ಕಾಡುಗಳನ್ನು ಮಳೆಯ ಇಳಿಜಾರಿನಲ್ಲಿ ಹೋಲಿಸಿತು. ಒದ್ದೆಯ ತುದಿಯಲ್ಲಿ ಬೆಂಕಿಯನ್ನು ತಡೆಯುವುದು ಉರುವಲಿನ ತೇವ, ಒಣ ತುದಿಯಲ್ಲಿ ಉರುವಲಿನ ಕೊರತೆ. ಬೀದರ್ ಆ ಇಳಿಜಾರಿನ ಒಣ ತುದಿಗೆ ಸೇರುವ ನೆಲ. ಆದರೆ ಮುದುಮಲೈ ರಕ್ಷಿತಾರಣ್ಯ. ಬೀದರಿನ ಹುಲ್ಲಿಗೆ ಕೃಷ್ಣಮೃಗದ ಜೊತೆ ಎಮ್ಮೆ, ಕುರಿ, ಮೇಕೆ, ದೇವಣಿ ದನ ಎಲ್ಲವೂ ಹಕ್ಕುದಾರರು. ಈ ಸೀಮೆಯನ್ನೂ ನೆರೆಯ ಲಾತೂರನ್ನೂ ತವರಾಗಿ ಪಡೆದ ದೇವಣಿ ತಳಿ ಈ ಹುಲ್ಲಿನ ಮೇಲೆಯೇ ಬೆಳೆದು ಬಂದದ್ದು. ದನ ಮೇದ ಪ್ರತಿ ಹೊರೆ ಹುಲ್ಲೂ ಬೆಂಕಿಗೆ ಸಿಗದೆ ಹೋದ ಉರುವಲು. ಆದ್ದರಿಂದ ದನಗಣತಿಯ ಪುಸ್ತಕ ಇಲ್ಲಿ ಬೆಂಕಿಯ ಇತಿಹಾಸದ ಆಕರವೂ ಹೌದು.

ಕೆಸರು, ಬೂದಿ, ಬರಹ

ದೀರ್ಘಕಾಲದ ಬದಲಾವಣೆಯ ಸಾಕ್ಷ್ಯ ಎಲ್ಲಿ? ಮಾಂಜ್ರಾ ನದಿ ಬೀದರ್ ಜಿಲ್ಲೆಯನ್ನು ಹಾದು ಗೋದಾವರಿ ಸೇರುತ್ತದೆ, ಗೋದಾವರಿ ದಖ್ಖಣದ ಮಣ್ಣನ್ನು ಬಂಗಾಳ ಕೊಲ್ಲಿಗೆ ಒಯ್ಯುತ್ತದೆ. ಗೋದಾವರಿಯ ಮುಖಜ ಭೂಮಿಯ ಆಚೆ ಸಮುದ್ರತಳದಿಂದ ತೆಗೆದ ಕೆಸರಿನ ಕಂಬವನ್ನು ಕಾಮಿಲೊ ಪಾಂಟನ್, ಲಿವಿಯು ಜಿಯೋಸಾನ್ ಮೊದಲಾದವರು ಓದಿ 2012ರಲ್ಲಿ ಫಲಿತಾಂಶ ಕೊಟ್ಟರು. ಎಲೆಯ ಮೇಲಿನ ಮೇಣದಲ್ಲಿರುವ ಇಂಗಾಲ ಆ ಎಲೆ ಹುಲ್ಲಿನದೋ ಮರದ್ದೋ ಎಂದು ತಿಳಿಸುತ್ತದೆ. ಸುಮಾರು 4,000 ವರ್ಷಗಳ ಹಿಂದಿನಿಂದ 1,700 ವರ್ಷಗಳ ಹಿಂದಿನವರೆಗೆ ಗೋದಾವರಿ ಜಲಾನಯನದಲ್ಲಿ ಒಣಹವೆಗೆ ಒಗ್ಗಿದ ಸಸ್ಯಗಳು ಹೆಚ್ಚುತ್ತ ಬಂದವು, ಆಮೇಲೆ ಹಾಗೆಯೇ ಉಳಿದವು. ಬೀದರಿಗೆ ಸುಮಾರು 250 ಕಿಲೋಮೀಟರ್ ದೂರದ ಲೋಣಾರ್ ಸರೋವರದ ಕೆಸರೂ ದೀರ್ಘ ಬರಗಳ ಕಥೆ ಹೇಳುತ್ತದೆ. ನನಗೆ ಇದು ಅತ್ಯಂತ ಮುಖ್ಯವಾಗಿ ಕಾಣುತ್ತದೆ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಬೀದರನ್ನು ರಾಜಧಾನಿ ಮಾಡಿಕೊಳ್ಳುವುದಕ್ಕೆ ಸಾವಿರ ವರ್ಷ ಮೊದಲೇ ಈ ಸೀಮೆಯಲ್ಲಿ ಹುಲ್ಲಿನ ಪಾಲು ಹಿರಿದಾಗಿತ್ತು. ಇಲ್ಲಿ ಒಮ್ಮೆ ದಟ್ಟ ಕಾಡಿತ್ತು, ಮನುಷ್ಯ ಈಚೆಗೆ ಕಡಿದು ಬೋಳು ಮಾಡಿದ ಎಂಬ ರೂಢಿಯ ಮಾತನ್ನು ಈ ಕೆಸರು ಸುಲಭವಾಗಿ ಒಪ್ಪುವುದಿಲ್ಲ.

ಬೆಂಕಿಯನ್ನು ಕೈಯಲ್ಲಿ ಹಿಡಿದ ಪಶುಪಾಲಕರ ಗುರುತೂ ಕಲ್ಯಾಣ ಕರ್ನಾಟಕದಲ್ಲಿದೆ. ಸುರಪುರ ಸೀಮೆಯ ಬೂದಿಹಾಳ, ಬಳ್ಳಾರಿ ಬಳಿಯ ಕುಡತಿನಿ, ಆಚೆಯ ಉಟ್ನೂರುಗಳ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳು. ರೇಮಂಡ್ ಆಲ್ಚಿನ್ 1957ರಲ್ಲಿ ಉಟ್ನೂರನ್ನು ಅಗೆದರು. ಬೂದಿಹಾಳದ ಕೆಲಸ ಕೆ. ಪದ್ದಯ್ಯ ಅವರದು. ಸಗಣಿ ಸುಟ್ಟವರು ಹುಲ್ಲುಗಾವಲನ್ನೂ ಸುಟ್ಟರೆಂದು ಬೂದಿಯೊಂದರಿಂದ ಸಾಧಿಸಲಾಗದು. ದನ, ಹುಲ್ಲು, ಬೆಂಕಿ ಈ ಮೂರರ ಒಡನಾಟ ದಖ್ಖಣದಲ್ಲಿ ನಾಲ್ಕು ಸಾವಿರ ವರ್ಷ ಮೀರಿದ್ದು ಎಂಬಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು.

ಬರಹದ ಆಕರಕ್ಕೆ ಒಳ್ಳೆಯ ಮೇಲ್ಪಂಕ್ತಿ ಪಕ್ಕದ ಮಹಾರಾಷ್ಟ್ರದಿಂದ ಬಂದಿದೆ. ಅಶೀಶ್ ನೆರ್ಲೇಕರ್ ಮತ್ತು ದಿಗ್ವಿಜಯ್ ಪಾಟೀಲ್ 2025ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹದಿಮೂರನೆಯ ಶತಮಾನದಿಂದ ಈಚಿನ ಮರಾಠಿ ಕಾವ್ಯ, ಚರಿತ್ರೆ, ಜನಪದ ಹಾಡುಗಳಲ್ಲಿ ಬರುವ ಗಿಡಮರಗಳ ಹೆಸರನ್ನು ಹುಡುಕಿ, ಪಶ್ಚಿಮ ಮಹಾರಾಷ್ಟ್ರದ ಹುಲ್ಲುಬಯಲು ಆಗಲೂ ಹುಲ್ಲುಬಯಲೇ ಆಗಿತ್ತೆಂದು ತೋರಿಸಿದರು. ಬಸವಕಲ್ಯಾಣದ ಸುತ್ತ ಹುಟ್ಟಿದ ಹನ್ನೆರಡನೆಯ ಶತಮಾನದ ವಚನಗಳ ರಾಶಿಯೇ ನಮ್ಮಲ್ಲಿದೆ. ಅದನ್ನು ಸಸ್ಯಶಾಸ್ತ್ರದ ಕಣ್ಣಿನಿಂದ ಓದುವ ಕೆಲಸ ಕನ್ನಡ ವಿದ್ವಾಂಸರದು. ಒಂದು ಎಚ್ಚರ ಬೇಕು: ವಚನದಲ್ಲಿ ಕಿಚ್ಚು ಬಂದಲ್ಲೆಲ್ಲ ಅದು ಅಡವಿಯ ಕಿಚ್ಚಲ್ಲ. ಗಿಡದ ಹೆಸರು, ದನ ಮೇಯುವ ಜಾಗ, ಮುಳ್ಳು, ಹುಲ್ಲು ಇಂಥವು ಬೆಂಕಿಯ ರೂಪಕಕ್ಕಿಂತ ಗಟ್ಟಿ ಸಾಕ್ಷಿ.

ಕಾಗದದ ಕಾಡು

ಬ್ರಿಟಿಷ್ ಅರಣ್ಯ ಇಲಾಖೆ ಬೆಂಕಿಯನ್ನು ಶತ್ರುವೆಂದೇ ಎಣಿಸಿತು. ಮಧ್ಯಪ್ರಾಂತದ ಬೋರಿ ಅಡವಿಯಲ್ಲಿ ಕರ್ನಲ್ ಪಿಯರ್‌ಸನ್ 1860ರ ದಶಕದಲ್ಲಿ ಬೆಂಕಿ ತಡೆದು ತೋರಿಸಿದ ಮೇಲೆ ಅದೇ ದೇಶದ ನೀತಿಯಾಯಿತು. ಇಲಾಖೆಯೊಳಗೇ ಅಪಸ್ವರ ಎದ್ದಿತು. ಬರ್ಮಾದ ತೇಗದ ಕಾಡಿನಲ್ಲಿ ಬೆಂಕಿ ತಡೆದದ್ದು ಅತಿಯಾಗಿದೆ ಎಂದು ಸ್ಲೇಡ್ 1896ರಲ್ಲಿ ಬರೆದರು. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1884ರಿಂದ ಅಲ್ಲಿನ ಆಡಳಿತ ಭಾಷೆ ಉರ್ದು, ಕಡತದ ತಾರೀಖು ಫಸಲಿ ಶಕೆಯಲ್ಲಿ. ಸಂಸ್ಥಾನದ ಅರಣ್ಯ ಕಾಯ್ದೆಗೂ 1355 ಫಸಲಿ ಎಂದೇ ಹೆಸರು, ಅಂದರೆ 1945–46. ಫಸಲಿಗೆ 590 ಕೂಡಿಸದೆ ಹಳೆಯ ಬೆಂಕಿಯ ವರದಿಯನ್ನು ಮಳೆಯ ಪಟ್ಟಿಯೊಡನೆ ಜೋಡಿಸಲಾಗದು. 1956ರ ನವೆಂಬರ್ 1ರಂದು ಜಿಲ್ಲೆಯೇ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ಕಡೆಗೆ. ಜಹೀರಾಬಾದ್, ನಾರಾಯಣಖೇಡ ಆಂಧ್ರದ ಕಡೆಗೆ. ಒಂದೇ ಹುಲ್ಲುಬಯಲಿಗೆ ಮೂರು ರಾಜ್ಯಗಳ ಲೆಕ್ಕಪುಸ್ತಕ ಬಂತು. 1956ರ ಹಿಂದಿನ ‘ಬೀದರ್ ಜಿಲ್ಲೆ’ಯ ಅಂಕಿಯನ್ನು ಇಂದಿನದರ ಪಕ್ಕದಲ್ಲಿಟ್ಟು ಅರಣ್ಯ ಕುಗ್ಗಿತು ಎನ್ನುವವರು ಮೊದಲು ನಕ್ಷೆ ನೋಡಬೇಕು.

ಹಳೆಯ ಕಡತ ಎಂಥ ಬೆಲೆಯದು ಎಂಬುದಕ್ಕೆ ಮತ್ತೆ ಮುದುಮಲೈ ಸಾಕ್ಷಿ. ನರೇಂದ್ರನ್ ಕೋದಂಡಪಾಣಿ, ಮಾರ್ಕ್ ಕಾಕ್ರೇನ್ ಮತ್ತು ಸುಕುಮಾರ್ 2004ರಲ್ಲಿ 1989ರಿಂದ 2002ರವರೆಗಿನ ಬೆಂಕಿಯನ್ನು 1909–21ರ ದಾಖಲೆಯೊಡನೆ ಹೋಲಿಸಿ, ಬೆಂಕಿ ಮೊದಲಿಗಿಂತ ಸುಮಾರು ಮೂರು ಪಟ್ಟು ಬಾರಿ ಬರುತ್ತಿದೆ ಎಂದು ಕಂಡರು. ಒಬ್ಬ ಗುಮಾಸ್ತನ ಶಿಸ್ತಿನ ಬರವಣಿಗೆ ಎಂಬತ್ತು ವರ್ಷದ ಮೇಲೆ ವಿಜ್ಞಾನವಾಯಿತು.

ಉಪಗ್ರಹದ ಕೆಂಪು ಚುಕ್ಕಿ

ಭಾರತೀಯ ಅರಣ್ಯ ಸಮೀಕ್ಷೆ 2004ರಿಂದ ಮೋಡಿಸ್ ಉಪಕರಣದ ನೆರವಿನಿಂದ ಬೆಂಕಿಯ ಎಚ್ಚರಿಕೆ ಕೊಡುತ್ತಿದೆ, ಮುಂದೆ ವಿಐಐಆರ್‌ಎಸ್ ಎಂಬ ಇನ್ನೊಂದು ಉಪಕರಣ ಸೇರಿತು. ಮೋಡಿಸ್‌ನ ಒಂದು ಚುಕ್ಕಿ ನೆಲದ ಮೇಲೆ ಕಿಲೋಮೀಟರ್ ಚೌಕ, ಅಂದರೆ ಸುಮಾರು 250 ಎಕರೆ. ವಿಐಐಆರ್‌ಎಸ್‌ನದು 375 ಮೀಟರ್ ಚೌಕ, ಸುಮಾರು 35 ಎಕರೆ. ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಸಾವಿರಾರು ಹೆಕ್ಟೇರ್ ಸುಟ್ಟಾಗ ಈ ಅಳತೆ ಸಾಕಾಯಿತು. ಭಾಲ್ಕಿಯಲ್ಲಿ ಸಾಲದು. ಕಬ್ಬು ಕಡಿದ ಮೇಲೆ ರವದಿಗೆ ಹಚ್ಚುವ ಬೆಂಕಿ, ಹೊಲದ ಬದುವಿನ ಬೆಂಕಿ, ಪಕ್ಕದ ಗಾಯರಾಣದ ಬೆಂಕಿ ಎಲ್ಲವೂ ಒಂದೇ ಕೆಂಪು ಚುಕ್ಕಿಯೊಳಗೆ ಬೀಳುತ್ತವೆ. ರವದಿಯ ಬೆಂಕಿಗೆ ಕಾರಣ ಸಕ್ಕರೆ ಕಾರ್ಖಾನೆಯ ಹಂಗಾಮು, ಹುಲ್ಲಿನ ಬೆಂಕಿಗೆ ಕಾರಣ ಮಳೆ. ಎರಡನ್ನೂ ಕೂಡಿಸಿದರೆ ನೀರಾವರಿ ಹಿಗ್ಗಿದ್ದನ್ನೇ ಹವಾಮಾನ ಬದಲಾವಣೆ ಎಂದು ತಪ್ಪಾಗಿ ಓದುವ ಅಪಾಯವಿದೆ. ಇದಕ್ಕೆ ಪರಿಹಾರ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚಿತ್ರಗಳು. 1980ರ ದಶಕದಿಂದ ಇರುವ ಆ ಭಂಡಾರದಲ್ಲಿ ಸುಟ್ಟ ಕಲೆಯನ್ನು ಅಡವಿಯ ಗಡಿಯೊಳಗೆ ಮಾತ್ರ ಗುರುತಿಸಬೇಕು, ಮುಂಗಾರಿನ ಮೊದಲ ಹಸಿರು ಕಲೆಯನ್ನು ಅಳಿಸುವ ಮುನ್ನ.

ಮಾದರಿಯ ಹಂದರ

ಹಾಗಾದರೆ ಲೆಕ್ಕ ಹೀಗೆ ನಡೆಯಬೇಕು. ಪ್ರತಿ ಅಡವಿ ತುಂಡಿಗೆ ಆ ವರ್ಷದ ಹುಲ್ಲನ್ನು ಮಳೆಯಿಂದ ಅಂದಾಜು ಮಾಡಿ, ಮೇವಿನ ಪಾಲನ್ನು ಕಳೆಯಬೇಕು. ಉಳಿದ ಹುಲ್ಲು ಒಂದು ಮಟ್ಟ ದಾಟಿದರೆ ಮಾತ್ರ ಬೆಂಕಿ ಹರಡಬಲ್ಲದು. ಕಿಡಿ ಇಲ್ಲಿ ಬಹುತೇಕ ಮನುಷ್ಯನದು. ಕೆನಡಾದಲ್ಲಿ ಸುಟ್ಟ ಪ್ರದೇಶದ ಬಹುಪಾಲಿಗೆ ಸಿಡಿಲು ಕಾರಣ. ಇಲ್ಲಿ ಕಿಡಿ ಮನುಷ್ಯನದಾದ್ದರಿಂದ ರಸ್ತೆ, ಊರು, ಹೊಲದ ಅಂಚು ಎಷ್ಟು ಹತ್ತಿರ ಎಂಬುದೇ ಕಿಡಿಯ ಅಳತೆ. ಅದೇ ಅಂಚು ಬೆಂಕಿಗೆ ಗಡಿಯೂ ಆಗುತ್ತದೆ.

ವ್ಯಾನ್ ವ್ಯಾಗ್ನರ್ ಅವರ ಊಹೆಯನ್ನು ಇಲ್ಲಿ ಹಚ್ಚಿ ನೋಡಿದರೆ ಏನಾಗುತ್ತದೆ? ಒಂದು ತುಂಡು ಸುಡುವ ಸಂಭವ ಪ್ರತಿ ವರ್ಷವೂ ಮೂರರಲ್ಲಿ ಒಂದು ಎಂದು ಇಟ್ಟುಕೊಳ್ಳೋಣ. ಸತತ ಹತ್ತು ವರ್ಷ ಬೆಂಕಿಯಿಲ್ಲದೆ ಉಳಿಯುವ ಸಂಭವ ಶೇ. 2ಕ್ಕಿಂತ ಕಡಿಮೆ. ಜ್ವಾಲೆಯ ಎತ್ತರ ದಾಟಲು ಹತ್ತು ವರ್ಷ ಬೇಕಾದ ಸಸಿ ಆ ಲೆಕ್ಕದಲ್ಲಿ ಬದುಕುವುದೇ ಅಪರೂಪ. ನಿಜದ ಬೀದರಿನಲ್ಲಿ ವರ್ಷಗಳು ಒಂದಕ್ಕೊಂದು ಸ್ವತಂತ್ರವಲ್ಲ. ಒಳ್ಳೆಯ ಮಳೆಯ ಮೇಲೆ ಎಲ್ಲ ತುಂಡುಗಳಿಗೂ ಒಟ್ಟಿಗೇ ಅಪಾಯ, ಬರದ ಮೇಲೆ ಎಲ್ಲಕ್ಕೂ ಒಟ್ಟಿಗೇ ಬಿಡುವು. ಬರವೇ ಸಸಿಗೆ ಬೆಂಕಿಯಿಂದ ರಕ್ಷಣೆ ಕೊಡುತ್ತದೆ, ಅದೇ ಬರ ಅದನ್ನು ಒಣಗಿಸಲೂಬಹುದು. ಹುಲ್ಲು ಮತ್ತು ಮರ ಎರಡೂ ಸಾವಿರಾರು ವರ್ಷ ಜೊತೆಗೇ ಉಳಿದದ್ದಕ್ಕೆ ಈ ಎಳೆದಾಟ ಒಂದು ಕಾರಣವಾಗಿರಬಹುದೆಂದು ನಾನು ನಂಬುತ್ತೇನೆ. ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತಿತರರು 2011ರಿಂದ ಹೇಳುತ್ತ ಬಂದಂತೆ ಇಂಥ ನೆಲವನ್ನು ಕೆಟ್ಟ ಕಾಡು ಎನ್ನುವುದಕ್ಕಿಂತ ಹುಲ್ಲು, ಮರ ಬೆರೆತ ಸವನ್ನಾ ಎಂದು ನೋಡುವುದು ಸರಿ. ಇಂಥ ತೆರೆದ ಬಯಲನ್ನು ಪಾಳು ಎಂದು ಬರೆದು ಗುಂಡಿ ತೋಡಿ ನೀಲಗಿರಿ ತುಂಬಿದರೆ ಹುಲ್ಲೂ ಹೋಗುತ್ತದೆ, ಕೃಷ್ಣಮೃಗವೂ ಹೋಗುತ್ತದೆ, ದೇವಣಿಯ ಮೇವೂ ಹೋಗುತ್ತದೆ. ಈ ನಷ್ಟ ನನ್ನನ್ನು ಕಾಡುತ್ತದೆ.

ಮಾದರಿಯನ್ನು ಪರೀಕ್ಷಿಸಲು ಎರಡು ಬೇಸಿಗೆಗಳು ಸಿದ್ಧವಾಗಿವೆ. 2014 ಮತ್ತು 2015ರ ಮುಂಗಾರು ಸೋತವು. ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದು 2016ರ ಬೇಸಿಗೆಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾಂಜ್ರಾ ಕಣಿವೆಗೆ ಭಾರೀ ಮಳೆ ಬಿತ್ತು. ಈ ಲೇಖನದ ವಾದ ನಿಜವಾದರೆ ಬೀದರ್, ಔರಾದ್‌ನ ಹುಲ್ಲುಬಯಲ ತುಂಡುಗಳಲ್ಲಿ 2016ಕ್ಕಿಂತ 2017ರ ಫೆಬ್ರವರಿ–ಮೇ ತಿಂಗಳುಗಳ ಸುಟ್ಟ ಕಲೆ ಸ್ಪಷ್ಟವಾಗಿ ದೊಡ್ಡದಿರಬೇಕು. ಭಾಲ್ಕಿಯ ಕಬ್ಬಿನ ಪಟ್ಟಿಯಲ್ಲಿ ಬೆಂಕಿ ಕಾರ್ಖಾನೆಗಳ ಹಂಗಾಮನ್ನು ಹಿಂಬಾಲಿಸಬೇಕು, ಅಂದರೆ ಕಡಿಯಲು ಕಬ್ಬಿದ್ದಷ್ಟು ರವದಿಯ ಬೆಂಕಿ. ಬಿಸಿಲೇ ಮುಖ್ಯವಾಗಿದ್ದರೆ ಫಲ ತಲೆಕೆಳಗಾಗಿ, 2016 ಮುಂದಿರುತ್ತದೆ. ಹುಲ್ಲಿನ ವಾದ ಖಚಿತವಾದರೆ ಬೆಂಕಿ ರೇಖೆ ಎಲ್ಲಿ ಎಷ್ಟು ತೆಗೆಯಬೇಕು, ಕಾವಲುಗಾರರು ಎಷ್ಟು ಜನ ಬೇಕು ಎಂಬ ತೀರ್ಮಾನವನ್ನು ಫೆಬ್ರವರಿಯ ಬಿಸಿಲಿಗೆ ಕಾಯದೆ ಅಕ್ಟೋಬರಿನ ಮಳೆಮಾಪಕ ನೋಡಿಯೇ ಮಾಡಬಹುದು. ನವೆಂಬರಿನಲ್ಲಿ ಹುಲ್ಲು ಕೊಯ್ದು ಒಯ್ಯಲು ಊರವರಿಗೆ ಅವಕಾಶ ಕೊಟ್ಟರೆ ಉರುವಲೂ ತಗ್ಗುತ್ತದೆ, ಬೇಸಿಗೆಗೆ ಬಣವೆಯೂ ಆಗುತ್ತದೆ.