ನಾವು ನೆಲೆಸಿರುವ ಸಾಷ್ಟಿ ನಾಡು

ಒಂದು ರಾಜ್ಯೋತ್ಸವದ ಮುನ್ನಾದಿನ ಮಕ್ಕಳಿಗಾಗಿ ಏರ್ಪಟ್ಟಿದ್ದ ಪ್ರಶ್ನೋತ್ತರ ಸ್ಪರ್ಧೆಯಲ್ಲಿ ನಾವು ಸುಲಭವಾದೊಂದು ಪ್ರಶ್ನೆಯನ್ನು ಕೇಳಿದೆವು: "ನೀವು ವಾಸವಾಗಿರುವುದು ಯಾವ ಜಿಲ್ಲೆಯಲ್ಲಿ?" ಸಾಂತಾಕ್ರೂಜಿನಲ್ಲಿಯೇ ಹುಟ್ಟಿ ಬೆಳೆದ ಬಾಲಕನೊಬ್ಬನು ತಡಮಾಡದೆ "ಉಡುಪಿ ಜಿಲ್ಲೆ" ಎಂದನು. ಪಕ್ಕದಲ್ಲಿದ್ದ ಹುಡುಗಿ "ಧಾರವಾಡ" ಎಂದಳು. ಸಭೆಯಲ್ಲಿದ್ದ ಹಿರಿಯರೆಲ್ಲ ನಕ್ಕರು. ಆದರೆ ಅದೇ ಪ್ರಶ್ನೆಯನ್ನು ಹಿರಿಯರ ಕಡೆಗೆ ತಿರುಗಿಸಿದಾಗ ನಗು ನಿಂತಿತು. ಕೆಲವರು "ಮುಂಬಯಿ" ಎಂದರು. ಒಬ್ಬರು "ಠಾಣೆ ಇರಬೇಕು" ಎಂದರು. "ಮುಂಬಯಿ ಉಪನಗರ ಜಿಲ್ಲೆ" ಎಂಬ ಸರಿಯಾದ ಉತ್ತರವನ್ನು ಕೊಟ್ಟವರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು.

ಮೂರು ತಲೆಮಾರುಗಳಿಂದ ಅನ್ನ ನೀರು ಕೊಟ್ಟ ಮಣ್ಣಿನ ಹೆಸರನ್ನೇ ಅರಿಯದಿರುವುದು ನಮಗೆ ಶೋಭೆಯಲ್ಲ. ತಾಯ್ನಾಡಿನ ಕೀರ್ತಿಯನ್ನು ಹಾಡುವ ಈ ದಿನವೇ ಸಾಕುನಾಡಿನ ಕಥೆಯನ್ನೂ ಒಂದಿಷ್ಟು ಹೇಳೋಣವೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಭೂಮಿಯ ವಿಚಾರ. ನಾವಿರುವುದು ಹಳೆಯ ಮುಂಬಯಿ ದ್ವೀಪದಲ್ಲಲ್ಲ. ಅದರ ಉತ್ತರಕ್ಕಿರುವ ಸಾಷ್ಟಿ ದ್ವೀಪದಲ್ಲಿ. ಉತ್ತರಕ್ಕೆ ವಸಯಿಯ ಖಾರಿ, ಪೂರ್ವಕ್ಕೆ ಠಾಣೆಯ ಖಾರಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ಮಾಹೀಮಿನ ಖಾರಿ, ಇವು ಇದರ ಮೇರೆಗಳು. ಈಗ ಮಣ್ಣು ತುಂಬಿ, ಸೇತುವೆ ಕಟ್ಟಿ ಎಲ್ಲವೂ ಒಂದಾಗಿರುವುದರಿಂದ ಇದು ದ್ವೀಪವೆಂದರೆ ಮಕ್ಕಳು ನಂಬುವುದಿಲ್ಲ. ನಡುವೆ ಗುಡ್ಡಗಳ ಸಾಲೊಂದಿದೆ. ಅದರ ಅತ್ಯುನ್ನತ ಶಿಖರವು 460 ಮೀಟರಿಗೂ ಮಿಗಿಲು. ಆ ಗುಡ್ಡಗಳನ್ನು ಸುತ್ತುವರಿದ ಕಾಡೇ ಇಂದಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಕಾಡಿನ ಮಡಿಲಲ್ಲಿ ವಿಹಾರ, ತುಳಸಿ ಎಂಬ ಸರೋವರಗಳಿವೆ. ವಿಹಾರ ಮತ್ತು ಪೊವಾಯಿ ಕೆರೆಗಳು ತುಂಬಿ ಹರಿದ ನೀರು ಮಿಠೀ ನದಿಯಾಗಿ, ಕುರ್ಲಾ ಕಲೀನಾಗಳನ್ನು ಹಾದು ಮಾಹೀಮಿನಲ್ಲಿ ಕಡಲನ್ನು ಸೇರುತ್ತದೆ. ಹೊಲಸು ಕಾಲುವೆಯೆಂದು ನಾವು ಮೂಗು ಮುಚ್ಚಿಕೊಂಡು ದಾಟುವ ನೀರಿಗೆ ನದಿಯ ಪದವಿ ಇರುವುದನ್ನು ನಮ್ಮಲ್ಲಿ ಅನೇಕರು ತಿಳಿದದ್ದು 2005ರ ಮಹಾಮಳೆಯಲ್ಲಿ ಮಾತ್ರ.

ಸಾಷ್ಟಿ ಎಂಬ ಹೆಸರು 'ಷಟ್‌ಷಷ್ಟಿ' ಎಂಬುದರಿಂದ ಬಂದುದು. ಅರುವತ್ತಾರು ಗ್ರಾಮಗಳ ನಾಡು ಎಂದರ್ಥ. ಶಿಲಾಹಾರ ಅರಸರ ಶಾಸನಗಳಲ್ಲಿ ಈ ಹೆಸರು ಕಾಣುತ್ತದೆ. ಪೋರ್ತುಗೀಜರ ಬಾಯಲ್ಲಿ ಅದು ಸಾಲ್ಸೆಟ್ ಆಯಿತು. ಸಾಂತಾಕ್ರೂಜ್ ಎಂಬುದೂ ಅವರ ಮಾತೇ. ಪವಿತ್ರ ಶಿಲುಬೆ ಎಂದು ಅದರ ಅರ್ಥ. ಆದರೆ ಊರಿನ ಹಳೆಯ ಹೆಸರುಗಳು ಪೂರ್ತಿ ಅಳಿದಿಲ್ಲ. ಸಾಂತಾಕ್ರೂಜ್ ಪೂರ್ವದಲ್ಲಿ ಮನೆ ಮಾಡಿರುವವರಲ್ಲಿ ಅನೇಕರು ತಮ್ಮ ಕಟ್ಟಡದ ಕಾಗದಪತ್ರಗಳನ್ನು ತೆಗೆದು ನೋಡಿದರೆ 'ಮೌಜೆ ಕೋಳೆಕಲ್ಯಾಣ, ತಾಲೂಕು ಅಂಧೇರಿ' ಎಂದು ಬರೆದಿರುವುದನ್ನು ಕಾಣುವರು. ಏಳು ಮಹಡಿಯ ಮನೆಯ ಕೆಳಗೆ ಒಂದು ಹಳ್ಳಿ ಇನ್ನೂ ಕಾಗದದ ಮೇಲೆ ಬದುಕಿದೆ!

ಈ ನಾಡಿಗೂ ಕನ್ನಡದ ಅರಸರಿಗೂ ಇದ್ದ ಸಂಬಂಧವು ನಮಗೆ ವಿಶೇಷವಾಗಿ ಹತ್ತಿರದ್ದು. ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಕೇಶಿಯು ಹಡಗುಗಳ ಪಡೆಯೊಡನೆ ಕೊಂಕಣದ ಪುರಿ ಎಂಬ ಪಟ್ಟಣವನ್ನು ಮುತ್ತಿದುದನ್ನು ಕ್ರಿ. ಶ. 634ರ ಐಹೊಳೆಯ ಶಾಸನವು ವರ್ಣಿಸುತ್ತದೆ. ಆ ಪುರಿಯು ಘಾರಾಪುರಿಯೋ, ಇನ್ನೊಂದು ಊರೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೆ ಮುಂದಿನ ಸಾಕ್ಷ್ಯಕ್ಕೆ ಸಂದೇಹದ ಸೋಂಕಿಲ್ಲ. ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿಯಲ್ಲಿ ಬೌದ್ಧ ಭಿಕ್ಷುಗಳ ಗುಹೆಗಳು ನೂರಕ್ಕೂ ಮಿಗಿಲಾಗಿವೆ. ಶಾಸನಗಳಲ್ಲಿ ಅದರ ಹೆಸರು ಕೃಷ್ಣಗಿರಿ. ಅಲ್ಲಿಯ ಗೋಡೆಗಳ ಮೇಲೆ ಶಕ 765, 775 ಮತ್ತು 799ರ ಬರೆಹಗಳಿವೆ. ಕ್ರಿಸ್ತಶಕದ ಲೆಕ್ಕದಲ್ಲಿ ಒಂಬತ್ತನೆಯ ಶತಮಾನ. ಅವುಗಳಲ್ಲಿ ಸಾರ್ವಭೌಮನೆಂದು ಹೇಳಿರುವುದು ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷನನ್ನು; ಕವಿರಾಜಮಾರ್ಗವು ಯಾರ ಆಸ್ಥಾನದಲ್ಲಿ ಹುಟ್ಟಿತೋ ಆ ನೃಪತುಂಗನನ್ನೇ! ಅವನ ಕೆಳಗೆ ಶಿಲಾಹಾರ ವಂಶದ ಪುಲ್ಲಶಕ್ತಿಯೂ ಅನಂತರ ಕಪರ್ದಿಯೂ ಕೊಂಕಣವನ್ನು ಆಳುತ್ತಿದ್ದರು.

ಸಾಷ್ಟಿಯು ಕನ್ನಡ ನಾಡಾಗಿತ್ತೆಂದು ನಾವು ಸಾಧಿಸಹೊರಟಿಲ್ಲ. ಆ ಶಾಸನಗಳ ಭಾಷೆ ಸಂಸ್ಕೃತ. ಇಲ್ಲಿಯ ಮೂಲ ನಿವಾಸಿಗಳಾದ ಕೋಳಿಗಳು, ಕುಣಬಿಗಳು, ಭಂಡಾರಿಗಳು, ಈಸ್ಟ್ ಇಂಡಿಯನ್ ಎಂದು ಕರೆದುಕೊಳ್ಳುವ ಕ್ರೈಸ್ತರು, ಇವರೆಲ್ಲರ ಮನೆಮಾತು ಮರಾಠಿ. ನಾವು ಸ್ಮರಿಸಬೇಕಾದುದು ಬೇರೊಂದು ಸಂಗತಿ. ಶಕ 775ರ ಶಾಸನದಲ್ಲಿ ದಾನ ಕೊಟ್ಟವನು ಅರಸನೂ ಅಲ್ಲ, ಸ್ಥಳೀಕನೂ ಅಲ್ಲ. ದೂರದ ಗೌಡದೇಶದಿಂದ, ಎಂದರೆ ಇಂದಿನ ಬಂಗಾಲದಿಂದ, ಬಂದಿದ್ದ ಅವಿಘ್ನಾಕರನೆಂಬ ಬೌದ್ಧ ಉಪಾಸಕನು. ಅವನು ಭಿಕ್ಷುಗಳ ಧ್ಯಾನಕ್ಕೆ ತಕ್ಕ ಮನೆಗಳನ್ನು ಮಾಡಿಸಿ, ನೂರು ದ್ರಮ್ಮಗಳನ್ನು ಶಾಶ್ವತ ನಿಧಿಯಾಗಿ ಇಟ್ಟನು. ಪರಸ್ಥಳದಿಂದ ಬಂದವನೊಬ್ಬನು ತಾನು ನಿಂತ ನೆಲಕ್ಕಾಗಿ ಏನಾದರೂ ಮಾಡಿಹೋಗಬೇಕೆಂದು ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದೆಯೇ ಇಲ್ಲಿ ಯೋಚಿಸಿದ್ದನು.

ಮುಂದಿನ ಶತಮಾನಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಷಹನು ವಸಯಿಯನ್ನೂ ಅದಕ್ಕೆ ಸೇರಿದ ಸಾಷ್ಟಿಯನ್ನೂ ಪೋರ್ತುಗೀಜರಿಗೆ ಬಿಟ್ಟುಕೊಟ್ಟನು. ಎರಡು ಶತಮಾನಗಳ ಮೇಲೆ, 1737ರಲ್ಲಿ, ಮರಾಠರು ಸಾಷ್ಟಿಯನ್ನು ಗೆದ್ದರು. 1739ರಲ್ಲಿ ಚಿಮಾಜಿ ಅಪ್ಪನು ವಸಯಿಯ ಕೋಟೆಯನ್ನೂ ಹಿಡಿದನು. 1774ರಲ್ಲಿ ಇಂಗ್ಲಿಷರು ಠಾಣೆಯ ಕೋಟೆಯನ್ನು ಕಸಿದುಕೊಂಡರು. 1782ರ ಸಾಲ್ಬಾಯಿ ಒಪ್ಪಂದದಿಂದ ಸಾಷ್ಟಿಯು ಅವರಿಗೆ ಸ್ಥಿರವಾಯಿತು.

ಆಮೇಲಿನದು ಪಟ್ಟಣವು ಹಳ್ಳಿಯನ್ನು ನುಂಗಿದ ಕಥೆ. 1845ರಲ್ಲಿ ಮಾಹೀಮಿನ ಕಟ್ಟೆರಸ್ತೆ ತೆರೆಯಿತು. ಅದಕ್ಕೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ ಕೊಟ್ಟವರು ಜಮ್ಸೆಟ್‌ಜೀ ಜೀಜೀಭಾಯಿಯವರ ಪತ್ನಿ ಅವಾಬಾಯಿಯವರು. ಅಲ್ಲಿಯವರೆಗೆ ಬಾಂದ್ರಾಕ್ಕೆ ಹೋಗುವವರು ದೋಣಿಯನ್ನು ಕಾಯಬೇಕಾಗಿತ್ತು. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲುಗಾಡಿಯು ಬೋರಿಬಂದರದಿಂದ ಹೊರಟು ಸಾಷ್ಟಿಯ ನೆಲವನ್ನೇ ಹಾದು ಠಾಣೆಯನ್ನು ಸೇರಿತು. 1867ರಲ್ಲಿ ವಿರಾರದಿಂದ ಪಶ್ಚಿಮದ ಗಾಡಿಯೂ ಓಡತೊಡಗಿತು. ಅತ್ತ ಪಟ್ಟಣದ ಬಾಯಾರಿಕೆಯನ್ನು ತಣಿಸಲು 1860ರಲ್ಲಿ ವಿಹಾರ ಸರೋವರವೂ 1879ರಲ್ಲಿ ತುಳಸಿಯೂ ಸಿದ್ಧವಾದವು. ಮುಂಬಯಿಯು ಸಾಷ್ಟಿಗೆ ರಸ್ತೆಯನ್ನು ಕೊಟ್ಟಿತು. ಸಾಷ್ಟಿಯು ಮುಂಬಯಿಗೆ ನೀರನ್ನು ಕೊಟ್ಟಿತು.

ಇನ್ನು ಆಡಳಿತ. ಮುಂಬಯಿ ಪಟ್ಟಣಕ್ಕೆ 1888ರ ಕಾಯಿದೆಯಿಂದ ಬಲವಾದ ಪೌರಸಭೆಯಿತ್ತು. ಸಾಷ್ಟಿಯು ಆಗ ಠಾಣಾ ಜಿಲ್ಲೆಯ ತಾಲೂಕು ಮಾತ್ರ. 1882ರಲ್ಲಿ ರಿಪನ್ ಪ್ರಭುವು ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದ ಮೇಲೆ 1884ರಲ್ಲಿ ಮುಂಬಯಿ ಪ್ರಾಂತಕ್ಕೆ ಲೋಕಲ್ ಬೋರ್ಡುಗಳ ಕಾಯಿದೆಯೂ, 1901ರಲ್ಲಿ ಜಿಲ್ಲಾ ಪುರಸಭೆಗಳ ಕಾಯಿದೆಯೂ ಬಂದವು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿಯೇ ಇದ್ದುದರಿಂದ ಬಾಂದ್ರಾದ ಪುರಸಭೆಗೂ ಆ ಜಿಲ್ಲೆಗಳ ಪುರಸಭೆಗಳಿಗೂ ಕಾಯಿದೆಯ ಪುಸ್ತಕ ಒಂದೇ ಆಗಿತ್ತು. 1956ರ ಅಕ್ಟೋಬರ್ 31ರ ತನಕ ಧಾರವಾಡದವನು ಸಾಷ್ಟಿಗೆ ಬಂದರೆ ಅದು ಪರರಾಜ್ಯವಲ್ಲ. ತನ್ನದೇ ರಾಜ್ಯದ ಇನ್ನೊಂದು ಜಿಲ್ಲೆ. ನವೆಂಬರ್ 1ರ ಬೆಳಗ್ಗೆ ನಾವು ಹಂಬಲಿಸಿದ್ದ ರಾಜ್ಯವು ಉದಯವಾಯಿತು. ಅದೇ ಬೆಳಗ್ಗೆ ಇಲ್ಲಿದ್ದ ಎಷ್ಟೋ ಕನ್ನಡಿಗರು, ಮನೆಯನ್ನು ಬದಲಾಯಿಸದೆಯೇ, ಹೊರರಾಜ್ಯದವರಾದರು.

ಮುಂಬಯಿ ಉಪನಗರ ಜಿಲ್ಲೆಯು ಮೊದಲು ಹುಟ್ಟಿದ್ದು 1920ರಲ್ಲಿ. ಮೊದಲನೆಯ ಮಹಾಯುದ್ಧದ ನಂತರ ಪಟ್ಟಣದಲ್ಲಿ ವಸತಿಯ ಅಭಾವವು ಹೆಚ್ಚಿ, ಜನರು ಉತ್ತರಕ್ಕೆ ಸರಿಯತೊಡಗಿದ್ದರು. ಆಗ ದಕ್ಷಿಣ ಸಾಷ್ಟಿಯನ್ನು ಠಾಣೆಯಿಂದ ಬೇರ್ಪಡಿಸಿ, ಬಾಂದ್ರಾವನ್ನು ಮುಖ್ಯ ಸ್ಥಳವನ್ನಾಗಿ ಮಾಡಿ, ಈ ಪುಟ್ಟ ಜಿಲ್ಲೆಯನ್ನು ರಚಿಸಿದರು. 1950ರಲ್ಲಿ ಅಂಧೇರಿ, ಭಾಂಡುಪಗಳವರೆಗಿನ ಊರುಗಳು ಮುಂಬಯಿ ಪೌರಸಭೆಯ ಮೇರೆಯೊಳಗೆ ಬಂದವು. 1957ರಲ್ಲಿ ಆ ಮೇರೆ ದಹಿಸರ, ಮುಲುಂಡಗಳನ್ನು ಮುಟ್ಟಿತು. ಊರೂರಿನ ಪುರಸಭೆಗಳು ಮುಚ್ಚಿಹೋದವು. ಮುಂದೆ ಎಲ್ಲವೂ ಬೃಹನ್ಮುಂಬಯಿ ಎಂಬ ಒಂದೇ ಜಿಲ್ಲೆಯಾಗಿ, ಉಪನಗರದ ಹೆಸರು ಮರೆಯಾಯಿತು. 1990ರ ಅಕ್ಟೋಬರ್ 1ರಂದು ಆ ಜಿಲ್ಲೆಯನ್ನು ಎರಡು ಮಾಡಿದಾಗ ಹಳೆಯ ಹೆಸರು ಮರಳಿ ಬಂತು. ಅಂಧೇರಿ, ಬೋರಿವಲಿ, ಕುರ್ಲಾ ಎಂಬ ಮೂರು ತಾಲೂಕುಗಳು. ಜಿಲ್ಲಾಧಿಕಾರಿಯ ಕಚೇರಿ ಮತ್ತೆ ಬಾಂದ್ರಾದಲ್ಲಿಯೇ.

ಇಂತಹ ಭಾಗ್ಯವು ಬೇರೆಡೆಯ ಪುಟ್ಟ ಜಿಲ್ಲೆಗಳಿಗೂ ಒದಗಿದೆ. ಸ್ಕಾಟ್ಲೆಂಡಿನ ಅತಿ ಚಿಕ್ಕ ಕೌಂಟಿಯಾದ ಕ್ಲಾಕ್‌ಮನನ್ 1975ರಲ್ಲಿ ತನ್ನ ಕೌಂಟಿ ಸಭೆಯನ್ನು ಕಳೆದುಕೊಂಡು ದೊಡ್ಡ ಪ್ರಾಂತವೊಂದರ ಭಾಗವಾಯಿತು. 1996ರಲ್ಲಿ ಮತ್ತೆ ತನ್ನದೇ ಪೂರ್ಣ ಸಭೆಯನ್ನು ಪಡೆಯಿತು. ಆದರೆ ಭೇದವೊಂದುಂಟು. ಅವರಿಗೆ ಮರಳಿ ಸಿಕ್ಕಿದ್ದು ಚುನಾಯಿತ ಸಭೆ. ನಮ್ಮ ಜಿಲ್ಲೆಗೆ ಸಿಕ್ಕಿದ್ದು ಜಿಲ್ಲಾಧಿಕಾರಿಯ ಕಚೇರಿ. 2011ರ ಜನಗಣತಿಯಂತೆ 93 ಲಕ್ಷಕ್ಕೂ ಹೆಚ್ಚು ಜನರಿರುವ ಈ ಜಿಲ್ಲೆಗೆ ಊರಿನಲ್ಲಿರುವಂತಹ ಜಿಲ್ಲಾ ಪಂಚಾಯತಿ ಇಲ್ಲ. ಹಳ್ಳಿಯೇ ಉಳಿಯದಿದ್ದ ಮೇಲೆ ಗ್ರಾಮ ಪಂಚಾಯತಿಯೂ ಇಲ್ಲ. ಭೂದಾಖಲೆ, ಕಂದಾಯ ಜಿಲ್ಲಾಧಿಕಾರಿಯ ಪಾಲಿಗೆ. ನೀರು, ರಸ್ತೆ, ಚರಂಡಿ, ಶಾಲೆ, ಜನನ ಮರಣದ ನೋಂದಣಿ ಪಾಲಿಕೆಯ ಪಾಲಿಗೆ. ಸಾಂತಾಕ್ರೂಜಿನ ಪೂರ್ವ ಭಾಗಕ್ಕೆ ಎಚ್ ಪೂರ್ವ ವಾರ್ಡು, ಪಶ್ಚಿಮ ಭಾಗಕ್ಕೆ ಎಚ್ ಪಶ್ಚಿಮ ವಾರ್ಡು. ಪಾಲಿಕೆಯಲ್ಲಿ 227 ಚುನಾಯಿತ ಸ್ಥಾನಗಳಿವೆ. ಕಾರ್ಯಾಧಿಕಾರವು 1888ರ ಕಾಯಿದೆಯಂತೆ ಕಮಿಷನರರ ಕೈಯಲ್ಲಿದೆ. 2022ರ ಮಾರ್ಚಿಯಲ್ಲಿ ಸಭೆಯ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಸದಸ್ಯರಿಲ್ಲದೆಯೇ ಆಡಳಿತ ನಡೆಯಿತು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದೆವು?

ಈ ವಿಷಯವು ನಮಗೇಕೆಂದು ಯಾರಾದರೂ ಕೇಳಬಹುದು. 2005ರ ಜುಲೈ 26ರಂದು ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಮಿಠೀ ನದಿ ಉಕ್ಕಿ ಮನೆಗಳಿಗೆ ನುಗ್ಗಿದಾಗ ಅದು ಯಾರ ಮಾತೃಭಾಷೆಯನ್ನೂ ವಿಚಾರಿಸಲಿಲ್ಲ. ಚರಂಡಿಯನ್ನು ಯಾರು ತೋಡಿಸಬೇಕು, ಯಾರನ್ನು ಕೇಳಬೇಕು ಎಂಬುದನ್ನು ಅರಿತವನೇ ಅಂತಹ ದಿನ ನೆರೆಯವನಿಗೂ ಆಸರೆಯಾಗಬಲ್ಲನು.

ಇನ್ನೊಂದು ಮಾತು ನಮ್ಮ ಮನಸ್ಸಿಗೆ ಇನ್ನೂ ಹತ್ತಿರದ್ದು. ಮುಂಬಯಿಯ ಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿಗಳೊಡನೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಪರರಾಜ್ಯದ ಪಟ್ಟಣವೊಂದು ತನ್ನ ತೆರಿಗೆಯ ಹಣದಿಂದ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರವನ್ನು ಕಲಿಸಿತೆಂಬುದು ಸಾಮಾನ್ಯ ಔದಾರ್ಯವಲ್ಲ. ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಉಂಟು. ಹೀಗೆ ಒಂದನೆಯ ತರಗತಿಯಿಂದ ಡಾಕ್ಟರೇಟಿನವರೆಗೆ ಕನ್ನಡದ ಏಣಿಯೊಂದನ್ನು ಈ ನೆಲವು ನಮಗೆ ಹಾಕಿಕೊಟ್ಟಿದೆ. ಆದರೆ ಕೆಳಗಿನ ಮೆಟ್ಟಿಲುಗಳಲ್ಲಿ ಈಗ ಮಕ್ಕಳು ವಿರಳ. ನಾವೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿ, ಕನ್ನಡ ಶಾಲೆ ಮುಚ್ಚುವ ಸುದ್ದಿ ಬಂದಾಗ ವೇದಿಕೆಯ ಮೇಲೆ ನಿಟ್ಟುಸಿರು ಬಿಟ್ಟರೆ ಯಾರನ್ನು ದೂರೋಣ? ಶಾಲೆಯನ್ನು ಉಳಿಸಿಕೊಡಿರೆಂದು ಕೇಳಬೇಕಾದ ಬಾಗಿಲು ಬೆಂಗಳೂರಿನಲ್ಲಿಲ್ಲ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ವಾರ್ಡು ಕಚೇರಿಯಲ್ಲಿದೆ.

ಆದುದರಿಂದ ನಮ್ಮ ವಿಜ್ಞಾಪನೆ ಇಷ್ಟೆ. ಬರುವ ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕಾನ್ಹೇರಿಗೆ ಕರೆದೊಯ್ಯಿರಿ. ಅಮೋಘವರ್ಷನ ಹೆಸರಿರುವ ಗೋಡೆಯನ್ನು ತೋರಿಸಿರಿ. ಅದರೊಡನೆ ಗೌಡದೇಶದ ಆ ಅವಿಘ್ನಾಕರನ ಕಥೆಯನ್ನೂ ಹೇಳಿರಿ. ಮತದಾರರ ಪಟ್ಟಿಯಲ್ಲಿ ಮನೆಯವರ ಹೆಸರಿದೆಯೇ ಎಂದು ನೋಡಿಕೊಳ್ಳಿರಿ. ಮುಂದಿನ ರಾಜ್ಯೋತ್ಸವದಲ್ಲಿ ನಾವು ಅದೇ ಪ್ರಶ್ನೆಯನ್ನು ಮತ್ತೆ ಕೇಳುವವರಿದ್ದೇವೆ. ಆಗ ಆ ಬಾಲಕನು "ನಮ್ಮ ಊರು ಉಡುಪಿ ಜಿಲ್ಲೆ, ನಮ್ಮ ಮನೆ ಮುಂಬಯಿ ಉಪನಗರ ಜಿಲ್ಲೆ" ಎಂದು ಎರಡನ್ನೂ ಹೇಳಿದರೆ, ಬಹುಮಾನವನ್ನು ಅವನಿಗೇ ಕೊಡುವೆವು.