ಭತ್ಯದ ಲೆಕ್ಕ, ಬುತ್ತಿಯ ಗಂಟು

ಬೆಳಿಗ್ಗೆ ಏಳೂವರೆಯ ಹೊತ್ತಿಗೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಬಗೆಯ ಪ್ರಯಾಣಿಕರನ್ನು ನೋಡಿದೊಡನೆ ಗುರುತಿಸಬಹುದು. ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಉಬ್ಬಿದ ಚೀಲ, ಕಣ್ಣು ಗಡಿಯಾರದ ಮೇಲೆ. ಔಷಧ ಕಂಪೆನಿಯ ಪ್ರತಿನಿಧಿಗಳು, ಬಿತ್ತನೆ ಬೀಜ ಮತ್ತು ಗೊಬ್ಬರದ ಏಜೆಂಟರು, ವಿಮೆಯವರು, ಅಂಗಡಿಯಿಂದ ಅಂಗಡಿಗೆ ತಿರುಗಿ ಬಾಕಿ ವಸೂಲು ಮಾಡುವವರು. ಇಂದು ದೇವನೂರು, ತಿ. ನರಸೀಪುರದ ಕಡೆ, ನಾಳೆ ಗುಂಡ್ಲುಪೇಟೆ, ನಾಳಿದ್ದು ಚಾಮರಾಜನಗರ. ಇವರು ಮಾತಿಗೆ ನಿಂತರೆ ವ್ಯಾಪಾರದ ವಿಷಯ ಮೊದಲ ಐದು ನಿಮಿಷದಲ್ಲೇ ಮುಗಿಯುತ್ತದೆ. ಆಮೇಲಿನದೆಲ್ಲ ಊಟದ ವಿಷಯ. ಯಾವ ಹೋಟೆಲಿನಲ್ಲಿ ಎರಡನೆಯ ಸಲ ಸಾರು ಕೇಳಿದರೆ ಮುಖ ಗಂಟಿಕ್ಕುವುದಿಲ್ಲ, ಎಲ್ಲಿ ಹನ್ನೆರಡೂವರೆಗೆ ಮೊದಲೇ ಹೋದರೆ ಪಲ್ಯ ಬಿಸಿಯಾಗಿರುತ್ತದೆ, ಎಲ್ಲಿ ಪ್ಲೇಟ್ ಊಟವೇ ಹೊಟ್ಟೆ ತುಂಬುವಷ್ಟಿರುತ್ತದೆ ಎಂಬ ಜ್ಞಾನ ಇವರಿಗಿರುವಷ್ಟು ಇನ್ನಾರಿಗೂ ಇರಲಾರದು. ಕಾರಣ ಸರಳ. ಕಂಪೆನಿ ದಿನಕ್ಕೆ ಇಷ್ಟು ಎಂದು ಭತ್ಯ ಗೊತ್ತುಮಾಡಿದ್ದರೆ, ಹೊಟ್ಟೆಗೆ ಹಾಕಿ ಉಳಿದದ್ದು ಮನೆಗೆ.

ಈ 'ಭತ್ಯ' ಎಂಬ ಮಾತಿಗೇ ಅನ್ನದ ವಾಸನೆ ಇದೆ. ಈಸ್ಟ್ ಇಂಡಿಯಾ ಕಂಪೆನಿಯವರು ದಂಡಿನ ಜೊತೆ ಊರು ಬಿಟ್ಟು ಹೋಗುವ ಅಧಿಕಾರಿಗಳಿಗೆ ಸಂಬಳದ ಮೇಲೆ ಕೊಡುತ್ತಿದ್ದ ಹೆಚ್ಚುವರಿ ಹಣವನ್ನು 'ಬಟ್ಟಾ' ಎನ್ನುತ್ತಿದ್ದರು. 1886ರಲ್ಲಿ ಮೊದಲು ಅಚ್ಚಾದ ಹಾಬ್ಸನ್-ಜಾಬ್ಸನ್ ನಿಘಂಟು ಈ ಪದಕ್ಕೂ ನಮ್ಮ ಭತ್ತಕ್ಕೂ ನಂಟು ಕಲ್ಪಿಸುತ್ತದೆ. ಈ ಬಟ್ಟಾ ಹುಡುಗಾಟದ ವಿಷಯವಾಗಿರಲಿಲ್ಲ. 1766ರಲ್ಲಿ ಕ್ಲೈವ್ ಬಂಗಾಳದಲ್ಲಿ ಇಮ್ಮಡಿ ಬಟ್ಟಾ ನಿಲ್ಲಿಸಿದಾಗ ಇಂಗ್ಲಿಷ್ ಅಧಿಕಾರಿಗಳೇ ಒಟ್ಟಾಗಿ ರಾಜೀನಾಮೆಗೆ ಮುಂದಾಗಿದ್ದರು. ಹೊರಸಂಚಾರದ ಅನ್ನದ ದುಡ್ಡಿಗೆ ಕೈಹಾಕಿದರೆ ಸಾಹೇಬನಿಗೂ ಸಿಟ್ಟು ಬರುತ್ತದೆ ಎಂದಾಯಿತು.

ಆದರೆ ಭತ್ಯ ಕೊಡುವ ಯಜಮಾನನೇ ಇಲ್ಲದ ಕಾಲದಲ್ಲಿ, ಹೋಟೆಲೂ ಇಲ್ಲದ ದಾರಿಯಲ್ಲಿ, ವ್ಯಾಪಾರಕ್ಕೆಂದು ತಿರುಗುವವರು ಏನು ಉಣ್ಣುತ್ತಿದ್ದರು?

ಎತ್ತಿನ ಗಾಡಿಯ ವೇಗದಿಂದಲೇ ಶುರು ಮಾಡಬೇಕು. ಹೇರಿದ ಗಾಡಿ ಗಂಟೆಗೆ ಎರಡು, ಎರಡೂವರೆ ಮೈಲಿಗಿಂತ ಹೆಚ್ಚು ಹೋಗದು. ಎತ್ತಿಗೆ ನೀರು, ಮೇವು, ವಿಶ್ರಾಂತಿ ಎಂದು ಕಳೆದರೆ ದಿನಕ್ಕೆ ಹದಿನೈದು ಮೈಲಿ ಸಾಗುವುದೇ ದೊಡ್ಡದು. ಮೈಸೂರಿನಿಂದ ನಂಜನಗೂಡಿಗೆ ಇರುವ ದೂರ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಮೈಸೂರಿನಿಂದ ದಕ್ಷಿಣಕ್ಕೆ, ಗುಂಡ್ಲುಪೇಟೆಯ ಮೇಲೆ ನೀಲಗಿರಿ ಮತ್ತು ವೈನಾಡಿನ ಕಡೆಗೋ ಚಾಮರಾಜನಗರದ ಮೇಲೆ ಕೊಯಮತ್ತೂರಿನ ಕಡೆಗೋ ಹೊರಟವನಿಗೆ ನಂಜನಗೂಡು ಮೊದಲ ರಾತ್ರಿಯ ತಂಗುದಾಣ. ಶ್ರೀಕಂಠೇಶ್ವರನ ಸನ್ನಿಧಿ, ಕಪಿಲೆಯ ನೀರು ಎರಡೂ ಇದ್ದವು, ನಿಜ. ಆದರೆ ಎತ್ತಿನ ಕಾಲಿನ ಅಳತೆಯೂ ಆ ಊರನ್ನು ಬೆಳೆಸಿತು ಎಂಬುದನ್ನು ಸ್ಥಳಪುರಾಣಗಳು ಹೇಳುವುದಿಲ್ಲ.

ಈ ದಾರಿಯಲ್ಲಿ ವ್ಯಾಪಾರಿಯ ಮೊದಲ ಉಳಿತಾಯ ಬುತ್ತಿ. ಬುತ್ತಿ ಎಂದರೆ ಮನೆಯಲ್ಲಿ ಉಳಿದದ್ದನ್ನು ಕಟ್ಟಿಕೊಳ್ಳುವುದಲ್ಲ, ಅದೊಂದು ವಿದ್ಯೆ. ಯಾವುದು ಎಷ್ಟು ಹೊತ್ತು ಕೆಡದು ಎಂಬ ಲೆಕ್ಕದ ಮೇಲೆ ಅದನ್ನು ಕಟ್ಟಬೇಕು. ನಮ್ಮ ಸೀಮೆಯ ನಿತ್ಯದ ಊಟವಾದ ಹಿಟ್ಟು, ಸಾರು ದಾರಿಗೆ ಬಾರದು. ಮುದ್ದೆ ಆರಿದರೆ ಗಟ್ಟಿ, ಸಾರು ಚೆಲ್ಲಿದರೆ ಗಂಟೆಲ್ಲ ಒದ್ದೆ. ಅದೇ ರಾಗಿ ರೊಟ್ಟಿಯಾದರೆ ಮರುದಿನಕ್ಕೂ ಆಯಿತು. ಪುಳಿಯೋಗರೆಯಲ್ಲಿ ಹುಣಸೆಯ ಹುಳಿ, ಎಳ್ಳೆಣ್ಣೆ ಸೇರಿ ಅನ್ನ ಹಳಸುವುದನ್ನು ತಡೆಯುತ್ತವೆ. ಬೆಳಗಿನ ಜಾವ ಕಲಸಿದ್ದು ರಾತ್ರಿಗೂ ನಡೆಯುತ್ತದೆ. ಮೊಸರನ್ನದ ಜಾಣತನ ಇನ್ನೂ ಒಂದು ಕೈ ಮೇಲು. ಅನ್ನವನ್ನು ಹಾಲಿನಲ್ಲಿ ಕಲಸಿ ಒಂದೆರಡು ಚಮಚ ಮಾತ್ರ ಮೊಸರು ಬೆರೆಸಿಟ್ಟರೆ, ಗಾಡಿಯ ಕುಲುಕಾಟದಲ್ಲಿ ಅದು ತಾನೇ ಹೆಪ್ಪಾಗುತ್ತ ಮಧ್ಯಾಹ್ನದ ಹೊತ್ತಿಗೆ ಸರಿಯಾದ ಹದಕ್ಕೆ ಬಂದಿರುತ್ತದೆ. ಮನೆಯಲ್ಲೇ ಪೂರಾ ಮೊಸರು ಹಾಕಿದವನಿಗೆ ಹುಳಿಯನ್ನವೇ ಗತಿ. ಎರಡನೆಯ, ಮೂರನೆಯ ದಿನಕ್ಕೆ ರಾಗಿಯ ಹುರಿಹಿಟ್ಟು, ಬೆಲ್ಲ, ಹುರಿಗಡಲೆ, ಅವಲಕ್ಕಿ. ಹುರಿಹಿಟ್ಟಿಗೆ ಬೆಂಕಿ ಬೇಡ, ಪಾತ್ರೆ ಬೇಡ, ಒಂದು ಬೊಗಸೆ ನೀರು ಅಥವಾ ಮಜ್ಜಿಗೆ ಸಾಕು. ಇಂದು ಅಂಗಡಿಯಲ್ಲಿ ಬಣ್ಣದ ಪೊಟ್ಟಣದಲ್ಲಿ ಮಾರುವ 'ಇನ್‌ಸ್ಟಂಟ್' ತಿಂಡಿಗೆ ನಮ್ಮ ಅಜ್ಜಿಯರು ಯಾವ ಹೆಸರನ್ನೂ ಇಟ್ಟಿರಲಿಲ್ಲ, ಅಷ್ಟೆ.

ವ್ಯಾಪಾರಿಯ ಹೊಟ್ಟೆಯ ಖರ್ಚು ಮಾತ್ರ ಲೆಕ್ಕಕ್ಕೆ ಬರುತ್ತಿರಲಿಲ್ಲ, ಎತ್ತಿನದೂ ಬರುತ್ತಿತ್ತು. ಅದಕ್ಕೇ ಗಾಡಿಯ ಮೇಲೆ ಹುಲ್ಲಿನ ಕಂತೆ, ಚೀಲದಲ್ಲಿ ಹುರುಳಿ. ಈ ಲೆಕ್ಕದಲ್ಲಿ ಲಂಬಾಣಿಗರನ್ನು ಮೀರಿಸಿದವರಿಲ್ಲ. ನೂರಾರು ಎತ್ತುಗಳ ಬೆನ್ನ ಮೇಲೆ ದವಸ, ಉಪ್ಪು ಹೇರಿಕೊಂಡು ದಾರಿಯ ಬಯಲಲ್ಲೇ ಮೇಯಿಸುತ್ತ ಸಾಗುತ್ತಿದ್ದ ಅವರಿಗೆ ಸಾಗಾಣಿಕೆಯ ಖರ್ಚೇ ಕಡಿಮೆ. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯ ದವಸಕ್ಕಾಗಿ ಅವರನ್ನೇ ನೆಚ್ಚಿಕೊಂಡಿತ್ತು.

ಬುತ್ತಿಗೆ ಇನ್ನೊಂದು ಮುಖವಿದೆ. ಅದನ್ನು ಬಿಟ್ಟು ಪುಳಿಯೋಗರೆಯ ರುಚಿ ಮಾತ್ರ ಹೇಳಿದರೆ ಚರಿತ್ರೆಗೆ ಅಪಚಾರವಾದೀತು. ಕೆರೆಯ ಏರಿಯ ಮೇಲೆ ಮಧ್ಯಾಹ್ನ ಇಬ್ಬರು ಗಂಟು ಬಿಚ್ಚುತ್ತಿದ್ದಾರೆ ಎನ್ನೋಣ. ಒಬ್ಬ ಮಡಿವಂತ, ಬೇರೆಯವರು ಮುಟ್ಟಿದ ಅನ್ನ ತನಗೆ ಸಲ್ಲದೆಂದು ಬುತ್ತಿ ತಂದಿದ್ದಾನೆ. ಇನ್ನೊಬ್ಬ ಚರ್ಮದ ಸಾಮಾನನ್ನೋ ಚಾಪೆಯನ್ನೋ ಸಂತೆಗೆ ಹೊತ್ತವನು. ದಾರಿಯುದ್ದಕ್ಕೂ ತನಗೆ ಯಾರೂ ಎಡೆ ಹಾಕುವುದಿಲ್ಲವೆಂದು ಬುತ್ತಿ ತಂದಿದ್ದಾನೆ. ಗಂಟು ಎರಡೂ ಒಂದೇ. ಮೊದಲನೆಯವನು ಬೇಕಾದರೆ ಕೆರೆಗೆ ಇಳಿದು ನೀರು ಕುಡಿದಾನು. ಎರಡನೆಯವನಿಗೆ ನೀರನ್ನೂ ಯಾರಾದರೂ ಮೇಲಿನಿಂದ ಹೊಯ್ಯಬೇಕು. ದಾರಿಯಲ್ಲಿ ಉಣ್ಣುವ ಖರ್ಚಿನ ಲೆಕ್ಕ ಹಾಕುವಾಗ ಈ ಎರಡನೆಯವನ ಖರ್ಚನ್ನು ಯಾವ ಕಾಲಂನಲ್ಲಿ ಬರೆಯಬೇಕು?

ಬುತ್ತಿ ಮುಗಿದವನಿಗೆ ಛತ್ರ. ದಾರಿಗೆ ಅರವಟಿಗೆ, ಮಂಟಪ, ಹೊರೆ ಇಳಿಸಲು ಹೊರೆಗಲ್ಲು, ಊರಿಗೊಂದು ಛತ್ರ ಎಂಬುದು ಹಳೆಯ ಪುಣ್ಯಕಾರ್ಯಗಳ ಪಟ್ಟಿ. ನಂಜನಗೂಡಿನಂಥ ಕ್ಷೇತ್ರದಲ್ಲಿ ಯಾತ್ರಿಕರಿಗೆಂದು ಕಟ್ಟಿದ ಛತ್ರಗಳು ವ್ಯಾಪಾರಿಗಳ ಉಪಯೋಗಕ್ಕೂ ಬರುತ್ತಿದ್ದವು. ದೇವರ ದರ್ಶನಕ್ಕೆ ಬಂದವನು ಸರಕು ಮಾರಬಾರದೆಂಬ ನಿಯಮವೇನೂ ಇರಲಿಲ್ಲವಲ್ಲ! ತಂಗಲು ಸಾಮಾನ್ಯವಾಗಿ ಮೂರು ದಿನದ ಮಿತಿ. ಆದರೆ ಇಲ್ಲಿಯೂ ಸಾಲು ಒಂದೇ ಅಲ್ಲ. ಹಲವು ಛತ್ರಗಳಲ್ಲಿ ಬೇಯಿಸಿದ ಊಟ ಬ್ರಾಹ್ಮಣರಿಗೆ; ಉಳಿದವರಿಗೆ ಅಕ್ಕಿ, ಬೇಳೆ, ಉಪ್ಪು, ಸೌದೆಯ 'ಪಡಿ'. ಪಡಿ ಪಡೆದವನು ಹೊರಗೆ ಮೂರು ಕಲ್ಲಿಟ್ಟು ಬೇಯಿಸಿಕೊಳ್ಳಬೇಕು. ಪಡಿಯೂ ಸಿಗದವರು ಇದ್ದೇ ಇದ್ದರು.

ವ್ಯಾಪಾರಿಯ ಕಷ್ಟ ವ್ಯಾಪಾರಿಗೇ ಗೊತ್ತು ಎಂಬುದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನ ತೋಟದಪ್ಪನವರ ಛತ್ರ. ಗುಬ್ಬಿ ಮೂಲದ ತೋಟದಪ್ಪನವರು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರದಿಂದ ಗಳಿಸಿದವರು. 1897ರಲ್ಲಿ ರೈಲು ನಿಲ್ದಾಣದ ಹತ್ತಿರ ಜಾಗ ಕೊಂಡು ಪ್ರಯಾಣಿಕರ ತಂಗುವಿಕೆಗೆ ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಜಾಗದ ಆಯ್ಕೆ ನೋಡಿ. ದೇವಸ್ಥಾನದ ಬಳಿಯಲ್ಲ, ಸ್ಟೇಷನ್ನಿನ ಬಳಿ. ಮುಂದೆ ಜನ ಎಲ್ಲಿ ಇಳಿಯುತ್ತಾರೆ ಎಂಬುದು ಪೇಟೆಯಲ್ಲಿ ಪಳಗಿದ ಕಣ್ಣಿಗೆ ಕಂಡಿತ್ತು.

ಹಣವಿಲ್ಲದೆ ಉಣ್ಣುವ ಮೂರನೆಯ ಜಾಗ ಮಠ. ನಂಜನಗೂಡು, ತಿ. ನರಸೀಪುರದ ಹಳ್ಳಿಗಾಡಿನಲ್ಲಿ ದಾಸೋಹ ಎಂದರೆ ಅಪರಿಚಿತ ಮಾತಲ್ಲ. ಕಪಿಲೆಯ ದಡದ ಸುತ್ತೂರಿನ ಜಾತ್ರೆಯ ದಾಸೋಹ ಹೆಸರುವಾಸಿ. ದೇವನೂರು ಗುರುಮಲ್ಲೇಶ್ವರರ ದಾಸೋಹದ ಪರಂಪರೆಗೆ ಹೆಸರಾದ ಊರು. ಛತ್ರಕ್ಕೂ ದಾಸೋಹಕ್ಕೂ ಒಂದು ವ್ಯತ್ಯಾಸವಿದೆ. ಛತ್ರ ಒಬ್ಬ ದೊರೆಯ ಅಥವಾ ಸಾಹುಕಾರನ ದತ್ತಿಯಿಂದ ನಡೆದರೆ, ದಾಸೋಹದ ಕಣಜಕ್ಕೆ ಹಲವು ಮನೆಗಳ ದವಸ ಬಂದು ಬೀಳುತ್ತದೆ. ಮೊರದಲ್ಲಿ ರಾಗಿ ಕೊಟ್ಟವಳೇ ಮುಂದೊಂದು ದಿನ ಪಂಕ್ತಿಯಲ್ಲಿ ಕೂರುತ್ತಾಳೆ. ಹನ್ನೆರಡನೆಯ ಶತಮಾನದ ಶರಣರು ಹೇಳಿದ ದಾಸೋಹದಲ್ಲಿ ಉಣ್ಣುವವನ ಕುಲ ಕೇಳುವಂತಿಲ್ಲ. ಆಚರಣೆಯಲ್ಲಿ ಎಲ್ಲ ಕಡೆಯೂ ಎಲ್ಲ ಕಾಲದಲ್ಲೂ ಹಾಗೇ ನಡೆಯಿತೆಂದು ಹೇಳುವ ಧೈರ್ಯ ನನಗಿಲ್ಲ. ಕೇರಿಯ ಹಸಿವನ್ನು 'ಒಡಲಾಳ'ದಲ್ಲಿ ಬರೆದ ದೇವನೂರ ಮಹಾದೇವರ ಊರೂ ಇದೇ ದೇವನೂರು ಎಂಬುದನ್ನು ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ಇನ್ನು ಮಠದಲ್ಲಿ ಉಂಡ ವ್ಯಾಪಾರಿ ಪುಕ್ಕಟೆ ಉಂಡೆನೆಂದು ಹೊರಡುತ್ತಿರಲಿಲ್ಲ. ಕೈಲಾದಷ್ಟು ಕಾಣಿಕೆ ಹಾಕುವುದೋ, ಮುಂದಿನ ಸಲ ಬರುವಾಗ ಬೆಲ್ಲದ ಅಚ್ಚು ತರುವುದೋ ಮರ್ಯಾದೆಯ ರೀತಿ.

ರೈಲು ಬಂದು ಈ ಲೆಕ್ಕವನ್ನೆಲ್ಲ ಕದಡಿತು. ಬೆಂಗಳೂರು-ಮೈಸೂರು ದಾರಿ 1882ರಲ್ಲಿ, ಮೈಸೂರು-ನಂಜನಗೂಡು ದಾರಿ 1891ರಲ್ಲಿ ತೆರೆಯಿತು. ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ್ದ ಸೇತುವೆಯ ಮೇಲೆಯೇ ಗಾಡಿಗಳ ಪಕ್ಕದಲ್ಲಿ ರೈಲೂ ಓಡತೊಡಗಿತು. ಗಾಡಿಯ ಒಂದು ದಿನದ ದಾರಿ ರೈಲಿನಲ್ಲಿ ಒಂದೆರಡು ಗಂಟೆಗೆ ಇಳಿಯಿತು. ಮೈಸೂರಿನಲ್ಲಿ ಉಂಡು ಹೊರಟವನು ನಂಜನಗೂಡಿನಲ್ಲಿ ಕೆಲಸ ಮುಗಿಸಿ ಸಂಜೆಗೆ ಮರಳಬಹುದಾಯಿತು. ರಾತ್ರಿಯ ತಂಗುವಿಕೆಯೇ ಬೇಡವಾದದ್ದು ಆ ಕಾಲದ ಅತಿ ದೊಡ್ಡ ಉಳಿತಾಯ. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಆರಂಭಿಸಿದರು. ಅಲ್ಲಿನ ಹಲ್ಲುಪುಡಿ ಊರ ಹೆಸರನ್ನು ನಾಡಿನ ಮನೆಮನೆಯ ಬಚ್ಚಲಿಗೆ ಕೊಂಡೊಯ್ದದ್ದು ಈ ರೈಲಿನ ಯುಗದಲ್ಲೇ.

ರೈಲಿನ ಹಿಂದೆಯೇ ಹೋಟೆಲು ಬಂತು. ಉಡುಪಿಯ ಮಠಗಳ ಅಡುಗೆಮನೆಯಲ್ಲಿ ಪಳಗಿದವರು, 1923ರ ನೆರೆಯ ಹಾವಳಿಗೆ ಸಿಕ್ಕಿ ದಕ್ಷಿಣ ಕನ್ನಡ ಬಿಟ್ಟವರು, ಘಟ್ಟ ಹತ್ತಿ ಬಂದು ಬೆಂಗಳೂರು, ಮೈಸೂರು, ಮದರಾಸು, ಮುಂಬಯಿಗಳಲ್ಲಿ ಒಲೆ ಹೂಡಿದರು. ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಆರಂಭವಾದದ್ದು 'ಬ್ರಾಹ್ಮಣರ ಕಾಫಿ ಕ್ಲಬ್' ಎಂಬ ಹೆಸರಿನಲ್ಲಿ. 1942ರಲ್ಲಿ ಎ. ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮನೆಯಿಂದ ದೂರವಿದ್ದ ನೌಕರರ ಅನ್ನದ ಆಸರೆಯಾಯಿತು. ತಿಂಗಳ ಊಟದ ಟಿಕೆಟ್ ಪುಸ್ತಕ, ಬಡಿಸಿದಷ್ಟೂ ಅನ್ನ, ಊಟವಿಲ್ಲದ ದಿನದ ಚೀಟಿ ಮರುದಿನಕ್ಕೆ ಎಂಬಂಥ ಏರ್ಪಾಡುಗಳು ತಿರುಗಾಡುವ ನೌಕರನಿಗೆ ಹೇಳಿ ಮಾಡಿಸಿದಂತಿದ್ದವು. ಉತ್ತರ ಕರ್ನಾಟಕದ ಖಾನಾವಳಿಗಳೂ ಇದೇ ತಿಂಗಳ ಲೆಕ್ಕದಲ್ಲೇ ನಡೆದವು.

ಆ ಕಾಲದ ಬೋರ್ಡುಗಳನ್ನು ಓದಿದರೆ ಅರ್ಧ ಸಮಾಜಶಾಸ್ತ್ರ ತಿಳಿಯುತ್ತದೆ. ಬ್ರಾಹ್ಮಣರ ಹೋಟೆಲು, ಲಿಂಗಾಯತ ಖಾನಾವಳಿ, ಹಿಂದೂ ಮಿಲಿಟರಿ ಹೋಟೆಲು. ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಬೇರೆ ಬೇರೆ ಕೊಡ. ಹೋಟೆಲಿನ ಒಳಗೂ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆ. ಹಾಗಿದ್ದೂ ಹೋಟೆಲು ಛತ್ರ ಮಾಡದ ಒಂದು ಕೆಲಸ ಮಾಡಿತು. ಕಾಸು ಕೊಟ್ಟವನಿಗೆ ಕಾಫಿ ಎಂಬುದು ಅದರ ಧರ್ಮವಾದ್ದರಿಂದ, ಗಲ್ಲಾದ ಮುಂದೆ ಕುಲ ವಿಚಾರಿಸುವುದು ದಿನದಿನಕ್ಕೆ ನಷ್ಟದ ಬಾಬತ್ತಾಯಿತು. ಆದರೆ ವ್ಯಾಪಾರವೊಂದೇ ಎಲ್ಲವನ್ನೂ ಸರಿಮಾಡಲಿಲ್ಲ, ಕಾನೂನು ಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿ ಅಲ್ಲಿ ಭೇದ ಸಲ್ಲದೆಂದಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. 1955ರ ಕಾಯ್ದೆ ಇನ್ನೂ ಮುಂದೆ ಹೋಗಿ ಹೋಟೆಲು, ಧರ್ಮಶಾಲೆ, ಸರಾಯಿ, ಮುಸಾಫರ್‌ಖಾನೆಗಳಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆ ಬಳಸಲು ಬಿಡದಿರುವುದನ್ನು ಅಪರಾಧವೆಂದಿತು. ದೇಶದ ಕಾನೂನು ಒಂದು ಲೋಟದ ಬಗ್ಗೆ ಮಾತನಾಡಬೇಕಾಯಿತೆಂದರೆ ಆ ಲೋಟದ ಹಿಂದಿನ ಕಥೆ ಎಂಥದಿರಬೇಕು! ಕಾಯ್ದೆಯಾದ ಎಷ್ಟೋ ವರ್ಷಗಳ ಮೇಲೂ ಹಳ್ಳಿಯ ಚಹಾದಂಗಡಿಗಳ ಸೂರಿನಲ್ಲಿ ಬೇರೆ ಲೋಟ ಸಿಕ್ಕಿಸಿಟ್ಟದ್ದು ಸುಳ್ಳಲ್ಲ.

ಆಮೇಲಿನದು ನಮಗೆಲ್ಲ ಗೊತ್ತಿರುವ ಕಥೆ. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಬಂದಮೇಲೆ ಬಸ್ ನಿಲ್ದಾಣದ ಎದುರಿನ ಹೋಟೆಲೇ ಸಂಚಾರಿ ವ್ಯಾಪಾರಿಯ ಕಚೇರಿಯಾಯಿತು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವ 'ಬೈಟು' ಒಬ್ಬನ ಜಿಪುಣತನವನ್ನು ಇಬ್ಬರ ಸ್ನೇಹವಾಗಿ ಮಾಡಿತು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಶುರುವಾದ ದರ್ಶಿನಿ ಕುರ್ಚಿಯನ್ನೂ ಮಾಣಿಯನ್ನೂ ತೆಗೆದು ಆ ಖರ್ಚನ್ನು ದೋಸೆಯ ಬೆಲೆಯಿಂದ ಕಳೆಯಿತು. ನಿಂತು ತಿನ್ನುವ ಕಡೆ ಪಂಕ್ತಿಯ ಪ್ರಶ್ನೆಯೇ ಏಳುವುದಿಲ್ಲ. ಪಕ್ಕದಲ್ಲಿ ನಿಂತವನು ಯಾರೆಂದು ಕೇಳುವಷ್ಟು ಹೊತ್ತೂ ಇಲ್ಲ. 2017ರಲ್ಲಿ ಇಂದಿರಾ ಕ್ಯಾಂಟೀನ್ ಆರಂಭವಾದಾಗ ತಿಂಡಿಗೆ ಐದು, ಊಟಕ್ಕೆ ಹತ್ತು ರೂಪಾಯಿ ಇತ್ತು. ಅಲ್ಲಿನ ಸಾಲಿನಲ್ಲಿ ಕೂಲಿಯವರ ಜೊತೆಗೆ ಟೈ ಕಟ್ಟಿದ ಪ್ರತಿನಿಧಿಗಳೂ ನಿಂತರು.

ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಬರುವ ಇಂಜಿನಿಯರು, ಲೆಕ್ಕಪರಿಶೋಧಕರಲ್ಲಿ ಹಲವರಿಗೆ ಭತ್ಯ ಕೈಗೆ ಸಿಗುವುದಿಲ್ಲ. ಬಿಲ್ ಇದ್ದರೆ ಹಣ, ಇಲ್ಲದಿದ್ದರೆ ಇಲ್ಲ. ಉಳಿಸಿದರೆ ಉಳಿಯುವುದು ಕಂಪೆನಿಗೆ. ಇಂಥವರಿಗೆ ಸೋವಿಯ ಹೋಟೆಲು ಹುಡುಕುವ ಉತ್ಸಾಹ ಇರುವುದಿಲ್ಲ ಎಂದು ನಿಲ್ದಾಣದಲ್ಲಿ ಪರಿಚಯವಾದ ಹಿರಿಯ ಏಜೆಂಟರೊಬ್ಬರು ನಕ್ಕರು. ಅವರದು ಇನ್ನೂ ಹಳೆಯ ಪದ್ಧತಿ, ದಿನಕ್ಕಿಷ್ಟು. ತಿ. ನರಸೀಪುರದ ಬಸ್ಸಿಗೆ ಇನ್ನೂ ಕಾಲು ಗಂಟೆ ಇತ್ತು. ಚೀಲದ ಜಿಪ್ ಎಳೆದು ಒಳಗಿದ್ದ ಸ್ಟೀಲ್ ಡಬ್ಬಿ ತೋರಿಸಿದರು. "ಹಾಲಲ್ಲಿ ಕಲಸವ್ಳೆ ಸಾ, ಹನ್ನೆರಡಕ್ಕೆ ಸರಿಯಾಯ್ತದೆ" ಎಂದರು.